ಬೋರ್ಡಿನ ಅಳತೆಯ ಮುಚ್ಚಳ

ಬೀದಿಗೆ ಹೊಸ ಹೆಸರಿಡುವ ದಿನ ಬೀದಿಯವರನ್ನು ಯಾರೂ ಕರೆಯಲಿಲ್ಲ. ಅವರು ಹೇಗೂ ಬೀದಿಯಲ್ಲೇ ಕೂತಿದ್ದರು.

ಸಾಕಮ್ಮ ಬಿದಿರು ಸೀಳುತ್ತಿದ್ದಳು. ಇಪ್ಪತ್ತಡಿಯ ಗಳ. ಒಂದು ತುದಿ ಅವಳ ಕಾಲಡಿ, ಇನ್ನೊಂದು ತುದಿ ಬೀದಿಯಾಚೆ ಪುಟ್ಟಮಲ್ಲಮ್ಮನ ಹೊಸಿಲ ಹತ್ತಿರ. ನಡುವೆ ಬೈಕೋ ಆಟೋವೋ ಬಂದರೆ ಪುಟ್ಟಮಲ್ಲಮ್ಮ ತನ್ನ ತುದಿಯನ್ನು ಮೇಲೆತ್ತುವಳು. ಗಾಡಿ ದಾಟಿದ ಮೇಲೆ ಇಳಿಸುವಳು. ಹುಣಸೂರಿಗೆ ರೈಲು ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಹೇಳಿಕೊಂಡೇ ಒಂದು ತಲೆಮಾರಿಗೆ ತಲೆ ಬೆಳ್ಳಗಾಯಿತು. ಮೇದರ ಬೀದಿಗೆ ಮಾತ್ರ ರೈಲ್ವೆ ಗೇಟು ಯಾವತ್ತೋ ಬಂದಿತ್ತು.

ಆ ದಿನ ಗೇಟು ದಾಟಿ ಬಂದದ್ದು ಒಂದು ಏಣಿ. ಏಣಿಯ ಕೆಳಗೆ ಬೋರ್ಡು ಬರೆಯುವ ಸೋಮಶೇಖರ. ಬೀದಿಯ ಬಾಯಲ್ಲಿದ್ದ ಕಂಬಕ್ಕೆ ಏಣಿ ಒರಗಿಸಿ ಹತ್ತಿದ. ಹಳೆಯ ತಗಡು ಕಿತ್ತು ಕೆಳಕ್ಕೆ ಬಿಸಾಕಿದ. ಹೊಸ ತಗಡು ಬಡಿದ.

"ಏನಪ್ಪಾ ಸೋಮಸೇಕ್ರ, ಏನಂತ ಬರ್ದಿದ್ದೀಯ?" ಓದು ಬಾರದ ಸಾಕಮ್ಮ ಕೂತಲ್ಲಿಂದಲೇ ಕೇಳಿದಳು.

"ಸಂಪಿಗೆ ನಗರ ಅಂತ, ಸಾಕಮ್ಮತ್ತೆ."

"ಅದೆಲ್ಲಪ್ಪ ಬರ್ತದೆ?" ಸಾಕಮ್ಮ ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು.

"ಇದೇಯ. ನೀವು ಕೂತಿರದೇ ಸಂಪಿಗೆ ನಗರ."

ಸಾಕಮ್ಮ ಎಡಕ್ಕೆ ನೋಡಿದಳು. ಬಲಕ್ಕೆ ನೋಡಿದಳು. ಆಮೇಲೆ ಬೀದಿಯಾಚೆಗೆ ಕೂಗಿದಳು.

"ಲೇ ಪುಟ್ಮಲ್ಲೀ, ನಿಮ್ಮಟ್ಟಿ ಇತ್ಲಲ್ಲಿ ಸಂಪ್ಗೆ ಮರ ಅದಾ ನೋಡು. ಇದ್ರೆ ಇಷ್ಟು ವರ್ಸ ನಂಗೊಂದ್ ಊವಾನೂ ಕೊಡ್ದೆ ಮಡಿಕಂಡಿದ್ದೀಯಲ್ಲೇ!"

"ನಮ್ಮಟ್ಟೀಲಿರದು ಒಂದೇ ಒಂದು ನುಗ್ಗೆ ಮರ ಕಣಕ್ಕ. ಅದ್ರ ತುಂಬ ಕಂಬ್ಳಿ ಉಳ."

"ಅಂಗಾರೆ ಕಂಬ್ಳಿ ಉಳದ ನಗರ ಅಂತ ಬರಿಯಪ್ಪ. ನಿಜ ಬರ್ದ ಪುಣ್ಯನಾದ್ರೂ ಬರ್ತದೆ."

ಬೀದಿ ನಕ್ಕಿತು. ಸೋಮಶೇಖರ ಏಣಿಯ ಮೇಲೆ ಅಲುಗಾಡಿಕೊಂಡು ನಕ್ಕ. ಸಾಕಮ್ಮನೂ ನಕ್ಕಳು. ನಗುತ್ತಲೇ ಎದ್ದು ಹೋಗಿ, ಚರಂಡಿಯ ಅಂಚಿಗೆ ಬಿದ್ದಿದ್ದ ಹಳೆಯ ತಗಡನ್ನು ಎತ್ತಿಕೊಂಡಳು. ಸೆರಗಿನಿಂದ ಒರೆಸಿದಳು. ಮನೆಯೊಳಗೆ ಅಕ್ಕಿ ಡಬ್ಬದ ಹಿಂದೆ ನಿಲ್ಲಿಸಿದಳು. ಅದರಲ್ಲಿ 'ಮೇದರ ಬೀದಿ' ಎಂದು ಬರೆದಿದೆ ಅನ್ನುವುದು ಓದದೆಯೂ ಅವಳಿಗೆ ಗೊತ್ತಿತ್ತು. ಬೈಗುಳದಲ್ಲಿ ಅವಳ ಜಾತಿಯ ಹೆಸರು ಬೇಕಾದಷ್ಟು ಸಲ ಬಂದಿತ್ತು. ಮರ್ಯಾದೆಯಿಂದ ಬರೆದಿದ್ದ ಜಾಗ ಊರಲ್ಲಿ ಅದೊಂದೇ.

ಹೆಸರು ಬದಲಿಸಿದವರು ನೀಲಕಂಠಸ್ವಾಮಿ. ಸಿಮೆಂಟು, ಕಬ್ಬಿಣದ ವ್ಯಾಪಾರ. ಬೀದಿಯ ಮೂಲೆಯಲ್ಲಿ ಮೂರಂತಸ್ತಿನ ಮನೆ. ಕೆಟ್ಟ ಮನುಷ್ಯರೇನಲ್ಲ. ಎದುರಿಗೆ ಸಿಕ್ಕರೆ, "ಏನ್ ಸಾಕಿ, ಚೆನ್ನಾಗಿದ್ದೀಯಾ?" ಎಂದು ಕೇಳುವರು. ಉತ್ತರಕ್ಕೆ ನಿಲ್ಲುವವರಲ್ಲ, ಅಷ್ಟೆ. ಅವರಿಗಿದ್ದ ಕಷ್ಟ ಒಂದೇ, ವಿಳಾಸ. 'ಮೇದರ ಬೀದಿ' ಎನ್ನುವಾಗ ಅವರ ದನಿ ತಾನಾಗಿ ತಗ್ಗುತ್ತಿತ್ತು. ಕೇಳಿದವರು "ಓ, ನೀವೂ..." ಎಂದು ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಆ ಅರ್ಧ ಮಾತು ಅವರಿಗೆ ರಾತ್ರಿಯೆಲ್ಲ ಚುಚ್ಚುತ್ತಿತ್ತು.

ಅದಕ್ಕೇ, ಬೋರ್ಡು ಬರುವ ಮುಂಚೆಯೇ, ಮಗಳು ಪುಷ್ಪಾಳ ಮದುವೆ ಕಾರ್ಡಿನಲ್ಲಿ 'ಸಂಪಿಗೆ ನಗರ' ಎಂದು ಅಚ್ಚು ಹಾಕಿಸಿದರು. ಕಾರ್ಡು ಹಿಡಿದು ಮನೆ ಹುಡುಕಿದ ಗಂಡಿನ ಕಡೆಯ ಬಸ್ಸು ಊರನ್ನು ಮೂರು ಸುತ್ತು ಹಾಕಿತು. ಒಬ್ಬ ಬೈಪಾಸು ತೋರಿಸಿದ. ಇನ್ನೊಬ್ಬ ಪಿರಿಯಾಪಟ್ಟಣದ ದಾರಿ ಹಿಡಿಸಿದ. ಬೈಲಕುಪ್ಪೆಯ ತನಕ ಹೋಗಿ, ಅಲ್ಲಿ ಲಾಮಾಗಳನ್ನು ಕೇಳಿ, ಅವರೂ ಗೊತ್ತಿಲ್ಲವೆಂದು ಕೈಯಾಡಿಸಿದ ಮೇಲೆ ಹಿಂದಕ್ಕೆ ಬಂದರಂತೆ. ಕೊನೆಗೆ ಬಸ್ಸು ಬಂದು ನಿಂತದ್ದು ಸಾಕಮ್ಮನ ಬಿದಿರ ಗೇಟಿನ ಮುಂದೆ.

"ಮ್ಯಾದ್ರ ಬೀದಿ ಅಂತ ಕೇಳಿದ್ರೆ ಮೂರ್ ವರ್ಸದ ಕೂಸೂ ತೋರ್ಸದು ಕಣ್ರಪ್ಪ," ಎಂದು ಸಾಕಮ್ಮ ಗಳ ಎತ್ತಿಸಿ ದಾರಿ ಬಿಟ್ಟಳು. ಬಸ್ಸಿನೊಳಗಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಹಡಿಯ ಮೇಲೆ ನಿಂತಿದ್ದ ನೀಲಕಂಠಸ್ವಾಮಿ ಅದನ್ನು ನೋಡಿದರು. ಮದುವೆ ಮುಗಿದ ತಿಂಗಳಲ್ಲೇ 'ಸಂಪಿಗೆ ನಗರ ನಿವಾಸಿಗಳ ಸಂಘ' ಹುಟ್ಟಿತು. ಅಧ್ಯಕ್ಷರು ಅವರೇ. ಸದಸ್ಯರಾಗಲು ತಾರಸಿ ಮನೆ ಇರಬೇಕು. ಮೇದರ ಹನ್ನೊಂದು ಮನೆಗೂ ಹೆಂಚು, ಇಲ್ಲವೇ ತಗಡು. ಹೀಗೆ ಬೀದಿಯ ಒಡೆಯರು ಬೀದಿಯ ಸಂಘಕ್ಕೆ ಪರಸ್ಥಳದವರಾದರು.

ಬೋರ್ಡು ಬಂದ ಹತ್ತನೇ ದಿನ ಬಾಗಿಲು ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಸಾಕಮ್ಮನ ಮಗಳ ಮಗಳು ಚೈತ್ರ ಓದಿದಳು. ಬಿ.ಎ. ಮುಗಿಸಿ ಮನೆಯಲ್ಲಿದ್ದ ಹುಡುಗಿ. ಮಾತು ಕಡಿಮೆ. ಓದುವ ದನಿಯೂ ಪಕ್ಕದವರಿಗೆ ಮಾತ್ರ ಕೇಳುವಷ್ಟು.

"ಸಂಪಿಗೆ ನಗರ ವಸತಿ ಬಡಾವಣೆ ಆಗಿರೋದ್ರಿಂದ ರಸ್ತೇಲಿ ಯಾವ ಕಸುಬೂ ಮಾಡಬಾರದು. ಸಾಮಾನು ಇಡಬಾರದು. ಇಟ್ಟರೆ ತೆರವು ಮಾಡ್ತೀವಿ."

"ಸಂಪ್ಗೆ ನಗರ್ದಲ್ಲಿ ಮಾಡ್ಬಾರ್ದು ಸರಿ. ಮ್ಯಾದ್ರ ಬೀದೀಲಿ ಮಾಡ್ಬೋದಲ್ಲ?"

"ಮೇದರ ಬೀದಿ ಈಗಿಲ್ವಲ್ಲಜ್ಜಿ."

ಸಾಕಮ್ಮ ಕಂಬದ ಕಡೆ ನೋಡಿದಳು. ಅವಳಿಗೆ ಆಗ ತಿಳಿಯಿತು. "ಓಹೋ. ಬೋರ್ಡಲ್ಲೇ ಗುಡಿಸ್ತಾವ್ರೆ ನಮ್ಮನ್ನ," ಎಂದಳು.

ಚೈತ್ರ ಅರ್ಜಿ ಬರೆದಳು. ಹಳೆಯ ಕಂದಾಯ ರಸೀದಿಯಲ್ಲಿ ಮೇದರ ಬೀದಿ ಎಂದೇ ಇದೆ, ಹೆಸರು ಬದಲಿಸಿದ್ದು ಸಂಘವೇ ಹೊರತು ಸರ್ಕಾರವಲ್ಲ ಎಂದು ಬರೆದಳು. ಹನ್ನೊಂದು ಮನೆಯ ಹೆಬ್ಬೆಟ್ಟು ಹಾಕಿಸಿದಳು. ಸಿಮೆಂಟು ಅಂಗಡಿಗೆ ಹೋಗಿ ಕೊಟ್ಟಳು. ನೀಲಕಂಠಸ್ವಾಮಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಅಕ್ಷರ ಮುದ್ದಾಗಿದೆ ಕಣಮ್ಮ. ಆದ್ರೆ ಸದಸ್ಯರಲ್ಲದವ್ರ ಅರ್ಜಿ ತಗೊಳಕ್ಕೆ ಬರಲ್ಲ."

ಎಂದು ಮಡಚಿ ವಾಪಸು ಕೊಟ್ಟರು. ಚೈತ್ರ ಅದನ್ನು ಹಿಡಿದು ಮನೆಗೆ ಹೊರಟಳು. ದಾರಿಯುದ್ದಕ್ಕೂ ಆಡಬಹುದಾಗಿದ್ದ ಮಾತುಗಳು ಒಂದೊಂದಾಗಿ ಬಂದವು. ಮನೆ ತಲುಪುವ ಹೊತ್ತಿಗೆ ಬೇಕಾದಷ್ಟು ಮಾತು ಸೇರಿತ್ತು.

ಮರುದಿನ ಬೆಳಿಗ್ಗೆ ಸಂಘದ ಟ್ರ್ಯಾಕ್ಟರ್ ಬಂತು. ಕೂಲಿಗೆ ಬಂದ ಇಬ್ಬರು ಗಂಡಸರು ಇಳಿದರು. ಬಿದಿರ ಗಳ ಎತ್ತಿ ಟ್ರೇಲರಿಗೆ ಎಸೆದರು. ಸೀಳಿಟ್ಟ ದಬ್ಬೆಯ ಕಟ್ಟು ಎಸೆದರು. ಅರ್ಧ ಹೆಣೆದ ಬುಟ್ಟಿ, ತಳ ಕಟ್ಟಿದ ಮಂಕರಿ, ಒಣಗಲು ಒರಗಿಸಿದ್ದ ಮೊರ, ಎಲ್ಲ ಎಸೆದರು. ಟ್ರೇಲರಿನಲ್ಲಿ ಮೊದಲೇ ಮೂರಂತಸ್ತಿನ ಮನೆಗಳ ಕಸವಿತ್ತು. ಮಕ್ಕಳ ಡಯಾಪರ್, ಕೊಳೆತ ಟೊಮೆಟೊ. ಅದರ ಮೇಲೆ ಸಾಕಮ್ಮನ ಒಂದು ವಾರದ ಸೊಂಟನೋವು ಬಿತ್ತು.

ಸಾಕಮ್ಮ ಓಡಿದಳು. ಟ್ರೇಲರಿನ ಅಂಚು ಹಿಡಿದು ಒಂದು ಮೊರ ಎಳೆದಳು. ಮೇಲಿದ್ದವನು ಆ ಕಡೆಯಿಂದ ಎಳೆದ. ದಬ್ಬೆ ಸೀಳಿತು. ಬೆರಳುದ್ದದ ಸಿಬಿರು ಅಂಗೈಯೊಳಗೆ ಹೊಕ್ಕಿತು. ನಲವತ್ತು ವರ್ಷ ಬಿದಿರು ಸೀಳಿದ ಕೈ ಅದು. ಸಿಬಿರು ಹೊಸದಲ್ಲ. ಆದರೆ ಇಲ್ಲಿಯವರೆಗೆ ಕೈಗೆ ಹೊಕ್ಕ ಸಿಬಿರೆಲ್ಲ ದುಡಿಮೆಯದು. ಇದು ಬೇರೆ.

"ನಾವೂ ಕೂಲಿಯವ್ರು ಕಣಮ್ಮ," ಎಂದ ಟ್ರೇಲರಿನಲ್ಲಿದ್ದವನು, ಮುಖ ಪಕ್ಕಕ್ಕೆ ತಿರುಗಿಸಿ.

"ಗೊತ್ತು ಕಣಪ್ಪ. ನಿನ್ ಕೈ ನೋಡಿದ್ರೇ ಗೊತ್ತಾಯ್ತದೆ," ಎಂದು ಸಾಕಮ್ಮ ಕೈ ಬಿಟ್ಟಳು.

ಆಮೇಲೆ ಹನ್ನೊಂದು ಮನೆಯೂ ಒಳಗೆ ಕೂತವು. ಕೂರುವುದೇನೋ ಕೂರಬಹುದು. ಬಿದಿರು ಕೂರಬೇಕಲ್ಲ? ಮನೆ ಹತ್ತಡಿ, ಗಳ ಇಪ್ಪತ್ತಡಿ. ಬಾಗಿಲಿಂದ ತೂರಿಸಿದರೆ ಅರ್ಧ ಬೀದಿಯಲ್ಲೇ ಉಳಿಯುತ್ತಿತ್ತು. ಅದೂ ತಪ್ಪಂತೆ.

ಇನ್ನೊಂದು ತೊಡಕಿತ್ತು. ಅದು ಮೂರಂತಸ್ತಿನವರಿಗೆ ಗೊತ್ತಿರಲಿಲ್ಲ. ಗೌರಿ ಹಬ್ಬದ ಬಾಗಿನಕ್ಕೆ ಮೊರ ಜೊತೆಯಾಗಿ ಬೇಕು. ಒಂದರಲ್ಲಿ ಬಳೆ, ಅರಿಶಿನ, ಅಕ್ಕಿ ಬೇಳೆ, ರವಿಕೆ ಕಣ ತುಂಬಿ, ಇನ್ನೊಂದನ್ನು ಮೇಲೆ ಮುಚ್ಚಿ ಮುತ್ತೈದೆಗೆ ಕೊಡಬೇಕು. ಮೇದರ ಬೀದಿಯಲ್ಲಿ ಆ ಜೊತೆಯನ್ನು ಒಂದೇ ಮನೆಯವರು ಹೆಣೆಯುವುದಿಲ್ಲ. ತಳದ ಮೊರ ಈ ಸಾಲಿನದು, ಮುಚ್ಚಳದ ಮೊರ ಎದುರು ಸಾಲಿನದು. ಒಂದೇ ಗಳದ ದಬ್ಬೆಯನ್ನು ಎರಡು ಮನೆಗೆ ಹಂಚುವುದು. ಬಾಗಿನವೆಂದರೆ ಎರಡು ಮನೆಯ ನಂಟು, ಅದನ್ನು ಒಂದೇ ಕೈ ಹೆಣೆದರೆ ನಂಟು ಯಾವುದು ಎಂದು ಸಾಕಮ್ಮನ ಅತ್ತೆ ಹೇಳುತ್ತಿದ್ದಳು. ಟೇಪು ಇಲ್ಲ, ಅಚ್ಚು ಇಲ್ಲ. ಈ ಕಡೆಯಿಂದ ಸಾಕಮ್ಮ "ಗೇಣೂ ನಾಕ್ಬೆರಳು!" ಎಂದು ಕೂಗಿದರೆ ಆ ಕಡೆ ಪುಟ್ಟಮಲ್ಲಮ್ಮನ ಕೈ ಹಾಗೇ ಅಳೆಯುವುದು. ಸಂಜೆ ಎರಡನ್ನೂ ತಂದು ಒಂದರ ಮೇಲೊಂದು ಇಟ್ಟರೆ ಗಾಳಿ ಹೋಗಲೂ ಸಂದಿಲ್ಲ. ಬೀದಿ ಅವರಿಗೆ ದಾರಿಯಾಗಿರಲಿಲ್ಲ. ಮಗ್ಗವಾಗಿತ್ತು.

ಗೌರಿ ಹಬ್ಬಕ್ಕೆ ಹನ್ನೆರಡು ದಿನವಿದ್ದಾಗ ಪ್ರೇಮಮ್ಮ ಬಂದರು. ನೀಲಕಂಠಸ್ವಾಮಿಯ ಹೆಂಡತಿ. ಪುಷ್ಪಾಗೆ ಮದುವೆಯಾದ ಮೇಲಿನ ಮೊದಲ ಗೌರಿ. ಅವರ ಮನೆಯ ಪದ್ಧತಿಯಂತೆ ಹದಿನಾರು ಜೊತೆ ಬಾಗಿನ. ಬೀಗರ ಕಡೆಯವರೆಲ್ಲ ಬರುತ್ತಾರೆ.

"ಸಾಕಮ್ಮ, ಹದಿನಾರು ಜೊತೆ ಕಣೆ. ಯಾವಾಗ್ಲೂ ಹೆಣಿತೀಯಲ್ಲ, ಅಂಥಾದ್ದೇ."

"ಹದಿನಾರು ಮೊರ ಕೊಡ್ತೀನಿ ಕಣ್ರವ್ವ."

"ಮೊರ ಅಲ್ಲ, ಜೊತೆ."

"ಜೊತೆ ಆಗಕ್ಕಿಲ್ಲ. ತಳ ನಂದು, ಕೊಡ್ತೀನಿ. ಮುಚ್ಚಳ ಮ್ಯಾದ್ರ ಬೀದಿ ಆಚೆ ಕಡೇದು. ಆ ಬೀದಿ ಈಗಿಲ್ವಂತೆ. ಇಲ್ದಿರ ಬೀದೀನ ನಾನೆಂಗ್ ದಾಟ್ಲಿ?"

ಪ್ರೇಮಮ್ಮ ತಬ್ಬಿಬ್ಬಾದರು. ಎದುರುಗಡೆ ಹತ್ತು ಹೆಜ್ಜೆ ದೂರದಲ್ಲಿ ಪುಟ್ಟಮಲ್ಲಮ್ಮ ಬಾಗಿಲಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

"ಪುಟ್ಟಮಲ್ಲಿ, ನೀನಾದ್ರೂ ಹೇಳೆ!"

"ಯಾರವ್ವ ಕರುದ್ದು?" ಪುಟ್ಟಮಲ್ಲಮ್ಮ ಹಣೆಯ ಮೇಲೆ ಕೈಯಿಟ್ಟು ದೂರ ನೋಡುವವಳಂತೆ ನೋಡಿದಳು. "ಸಂಪ್ಗೆ ನಗರ್ದೋರಾ? ಬಾಳ ದೂರ ಆಯ್ತು, ಕೇಳ್ಸಕ್ಕಿಲ್ಲ ಕಣ್ರವ್ವಾ!"

ಪ್ರೇಮಮ್ಮನಿಗೆ ನಗು ಬಂತು. ನಗಬಾರದು ಅಂತಲೂ ಅನ್ನಿಸಿತು. ಎರಡರ ನಡುವೆ ಕೆಮ್ಮಿ ಹೊರಟು ಹೋದರು.

ಆ ಹೊತ್ತಿಗೆ ಹನ್ನೊಂದು ಮನೆಯೂ ಮಾತಾಡಿಕೊಂಡಿದ್ದವು. ಯಾರಿಗೂ ಜೊತೆ ಕೊಡುವುದಿಲ್ಲ. ಬೈಯುವುದಿಲ್ಲ, ಕೂಗಾಡುವುದಿಲ್ಲ. ಕೇಳಿದವರಿಗೆ ಒಂಟಿ ಮೊರ. ಒಲೆ ಉರಿಯುವುದು ಹೇಗೆ ಎಂದು ಪುಟ್ಟಮಲ್ಲಮ್ಮನ ಸೊಸೆ ಕೇಳಿದಳು. ವರ್ಷದ ಗಂಜಿಗೆ ಗೌರಿ ಹಬ್ಬವೇ ಆಧಾರ. ಸಾಕಮ್ಮ ಅಂಗೈಯ ಸಿಬಿರನ್ನು ಸೂಜಿಯಿಂದ ಕೆದಕುತ್ತಿದ್ದಳು. ಅರ್ಧ ಬಂದಿತ್ತು. ಅರ್ಧ ಒಳಗೇ ಮುರಿದಿತ್ತು.

"ಬೀದೀನೇ ಓಯ್ತು ಅಂದ್ರೆ ಮುಂದಿನ್ ವರ್ಸದ ಗೌರಿಗೂ ಒಲೆ ಉರಿಯಕ್ಕಿಲ್ಲ ಕಣವ್ವ," ಎಂದಳು. "ಅದುಕ್ಕೆ ಈ ಸಲ ಇಟ್ಟು ಕಮ್ಮಿ ಉಣ್ಣಾನ."

ನೀಲಕಂಠಸ್ವಾಮಿ ಹೆಂಡತಿಯ ಮಾತು ಕೇಳಿ ನಕ್ಕರು. ಮೊರಕ್ಕೆ ಊರಿಗೆ ಬರವೇ? ಮೈಸೂರಿಗೆ ಹೋಗಿ ಬಣ್ಣಬಣ್ಣದ ಪ್ಲಾಸ್ಟಿಕ್ ಮೊರ ತಂದರು. ಪ್ರೇಮಮ್ಮ ಅದರಲ್ಲಿ ನಾಯಿಗೆ ಅನ್ನ ಹಾಕಿದರು. ಆಮೇಲೆ ನೀಲಕಂಠಸ್ವಾಮಿ ಕಾರು ತೆಗೆದು ಕೆ.ಆರ್. ನಗರದ ದಾರಿ ಹಿಡಿದರು. ಅಲ್ಲೂ ಮೇದರಿದ್ದಾರೆ.

ಇದ್ದಾರೆ. ಅವರಲ್ಲಿ ಒಬ್ಬಳು ಭದ್ರಮ್ಮ. ಸಾಕಮ್ಮನ ನಾದಿನಿ. ಈ ಬೀದಿಯಲ್ಲೇ ಹುಟ್ಟಿದ ಹೆಣ್ಣು. ಇಲ್ಲಿಯ ಸುದ್ದಿಯೆಲ್ಲ ಅವಳಿಗೆ ಮುಟ್ಟಿತ್ತು.

ಮಧ್ಯಾಹ್ನ ಚೈತ್ರಳ ಫೋನು ಹೊಡೆದುಕೊಂಡಿತು. ಸ್ಪೀಕರಿಗೆ ಹಾಕಿದಳು.

"ಅತ್ಗೆ, ನಿಮ್ಮೂರೋರೊಬ್ರು ಬಂದವ್ರೆ. ಬಿಳೀ ಕಾರು. ಅದ್ನಾರು ಜೊತೆ ಬೇಕಂತೆ. ಉಣಸೂರಲ್ಲೆಲ್ಲಿ ಅಂದೆ. ಸಂಪ್ಗೆ ನಗರ ಅಂದ್ರು. ಅದೆಲ್ಲಿ ಬರ್ತದೆ ಅಂದೆ. ಬಸ್ ಸ್ಟಾಂಡಿಂದ ಮುಂದಕ್ಕೆ ಅಂದ್ರು. ಎಷ್ಟು ಮುಂದಕ್ಕೆ ಅಂದೆ. ಬೆವರ್ತಾವ್ರೆ ಕಣತ್ಗೆ."

"ಬುಡ್ಬ್ಯಾಡ, ಕೇಳು."

ಫೋನಿನೊಳಗೆ ಭದ್ರಮ್ಮನ ದನಿ ಆ ಕಡೆ ತಿರುಗಿತು. "ಯಾವ್ ಬೀದಿ ಪಕ್ಕ ಬರ್ತದೆ ಅಂತೇಳಿ ಸ್ವಾಮಿ. ಗುರ್ತಿಲ್ದೋರ್ಗೆ ಬಾಗಿನದ ಮೊರ ಕೊಡಕ್ಕಿಲ್ಲ ನಾವು."

ಏನೋ ಗೊಣಗಿದ್ದು ಕೇಳಿಸಿತು.

"ಜೋರಾಗೇಳಿ, ಕಿವಿ ಮಂದ ನಂಗೆ."

"ಮೇದರ ಬೀದಿ ಕಣಮ್ಮ! ಮೇದರ ಬೀದಿ!"

ಹುಣಸೂರಿನ ಮೇದರ ಬೀದಿ ಫೋನಿನ ಸುತ್ತ ನಿಂತು ಅದನ್ನು ಕೇಳಿತು. ಸೋಮಶೇಖರ ಬರೆದ ಬೋರ್ಡಿಗಿಂತ ಸ್ಪಷ್ಟವಾಗಿತ್ತು.

"ಮ್ಯಾದ್ರ ಬೀದಿಯೋರು ಮೊರಕ್ಕೆ ಇಲ್ಲಿಗ್ಯಾಕ್ ಬಂದ್ರಿ ಸ್ವಾಮಿ?" ಭದ್ರಮ್ಮನ ದನಿ ತುಂಬ ನಯವಾಗಿತ್ತು. "ಕಾವೇರಿ ಪಕ್ಕ ಇರೋರು ನೀರ್ಗೆ ನೆಂಟ್ರ ಮನೇಗ್ ಓದಂಗಾಯ್ತು. ನಮ್ಮತ್ಗೆ ಕೈಗಿಂತ ನನ್ ಕೈ ದೊಡ್ಡದಲ್ಲ. ಓಗಿ, ಅವ್ಳನ್ನೇ ಕೇಳಿ."

ಸಂಜೆ ಬಿಳಿ ಕಾರು ಬೀದಿಯ ಬಾಯಲ್ಲೇ ನಿಂತಿತು. ನೀಲಕಂಠಸ್ವಾಮಿ ನಡೆದುಕೊಂಡು ಬಂದರು. ಸಾಕಮ್ಮನ ಜಗಲಿಯ ಮುಂದೆ ನಿಂತರು. ಇಷ್ಟು ವರ್ಷದಲ್ಲಿ ಅವರು ಅಲ್ಲಿ ನಿಂತದ್ದು ಅದೇ ಮೊದಲು.

"ಏನ್ ಸಾಕಿ ಇದು ಹಟ?"

"ಅಟ ಎಲ್ಲೀದು ನೀಲಕಂಠಸ್ವಾಮ್ಯೋರೆ. ಜಾಗ ಇಲ್ಲ, ಅಷ್ಟೇಯ."

ನಲವತ್ತು ವರ್ಷ, ಒಡೆಯರನ್ನು ಕರೆಯುವಂತೆ, 'ಬುದ್ದಿ' ಎಂದು ಕರೆದವಳು. ಇವತ್ತು ಹೆಸರು ಹಿಡಿದಳು. ಅವರಿಗೂ ಕೇಳಿಸಿತು. ಅವಳಿಗೂ ಕೇಳಿಸಿತು. ಆಕಾಶ ಬೀಳಲಿಲ್ಲ.

"ಊರು ಬೆಳೀಬೇಕೋ ಬ್ಯಾಡ್ವೋ? ಯಾವ್ದೋ ಕಾಲದ ಹೆಸರು ಹಿಡ್ಕೊಂಡು ಕೂತ್ರೆ ಹೆಂಗೆ?"

"ಬೆಳೀಲಿ. ನಾವೇನ್ ಅಡ್ಡ ಬಂದೋ? ಬಿದ್ರೂ ಬೆಳೀತದೆ. ಬುಡ ಕಡ್ಕಂಡು ಬೆಳಿಯಕ್ಕಿಲ್ಲ, ಅಷ್ಟೇಯ." ಸಾಕಮ್ಮ ಅವರ ಮುಖ ನೋಡಿ ನಕ್ಕಳು. "ನೀವ್ ಉಟ್ದಾಗ ನಿಮ್ಮವ್ವಾರು ನಿಮ್ಮನ್ನ ಮೊದ್ಲು ಮಲಗ್ಸಿದ್ದು ಮೊರದಲ್ಲಿ. ನಮ್ಮತ್ತೆ ಹೆಣುದ್ದು. ರಾತ್ರಿ ಹೆರ್ಗೆ ಆಯ್ತು ಅಂತ ಬೆಳಿಗ್ಗೆ ಓಡೋಡಿ ಕೊಟ್ಬುಟ್ಟು ಬಂದ್ಲಂತೆ. ಗೇಟಿನ್ ಹೊರಗ್ ನಿಂತೇ ಕೊಟ್ಲಂತೆ, ಅದ್ಬುಡಿ. ಆ ಮೊರಕ್ಕೆ ಯಾವ್ ನಗರ ಅಂತ ಕೇಳುದ್ರಾ ನೀವು? ಅಳ್ತಾ ಮಲಿಕಂಡಿದ್ರಿ."

ಬೀದಿಯ ಎರಡೂ ಸಾಲಿನಲ್ಲಿ ಬಾಗಿಲುಗಳು ಕಿಸಕ್ಕೆಂದವು. ನೀಲಕಂಠಸ್ವಾಮಿಯ ಕಿವಿ ಕೆಂಪಾಯಿತು. ಆಗ, ಗೋಡೆಗೆ ಒರಗಿ ನಿಂತಿದ್ದ ಚೈತ್ರ ಬಾಯಿ ತೆರೆದಳು.

"ಸರ್, ನನ್ ಅರ್ಜಿ ಈಗ್ಲಾದ್ರೂ ತಗೋಬೋದಾ? ನೀವು ಫೋನಲ್ಲಿ ಮೇದರ ಬೀದಿ ಅಂತ ಒಪ್ಕೊಂಡಿದ್ದೀರಿ. ಹನ್ನೊಂದು ಮನೆಯೋರು ಕೇಳಿಸ್ಕೊಂಡಿದ್ದೀವಿ."

ಅವರು ಕೈ ಚಾಚಿ ಅರ್ಜಿ ಇಸಿದುಕೊಂಡರು. "ಆಯ್ತು ಮಾರಾಯ್ತಿ. ಮೇದರ ಬೀದಿ ಅಂತಾನೂ ಬರೆಸ್ತೀನಿ. ರಸ್ತೇಲಿ ಕೂತ್ಕೊಂಡೇ ಕೆಲ್ಸ ಮಾಡ್ಕೊಳಿ. ಹದಿನಾರು ಜೊತೆ ಮರೀಬೇಡಿ."

ಮರುದಿನವೇ ಬಿದಿರು ಬೀದಿಗೆ ಇಳಿಯಿತು. ಬೀದಿಗೆ ಜೀವ ಬಂದಂತೆ ಸದ್ದಾಯಿತು. ಸೋಮಶೇಖರ ಮತ್ತೆ ಏಣಿ ತಂದ. ಅವನು ಇಳಿದ ಮೇಲೆ ಚೈತ್ರ ತಲೆಯೆತ್ತಿ ಓದಿದಳು. ಮೇಲೆ ದೊಡ್ಡದಾಗಿ 'ಸಂಪಿಗೆ ನಗರ'. ಕೆಳಗೆ ಮೂಲೆಯಲ್ಲಿ ಇರುವೆ ಸಾಲಿನಂತೆ 'ಹಳೆಯ ಮೇದರ ಬೀದಿ'.

"ಅಳೇದಾ?" ಎಂದಳು ಸಾಕಮ್ಮ. "ನಾವ್ಯಾರಾದ್ರೂ ಸತ್ತಿದ್ದೀವಾ?"

"ನನ್ನ ಬೈಬ್ಯಾಡಿ ಸಾಕಮ್ಮತ್ತೆ. ಅವ್ರು ಹೇಳಿದಷ್ಟು ಬರೆದೆ."

"ನಿನ್ನ ಯಾರ್ ಬಯ್ತಾರೆ. ಏಣಿ ಹಿಡ್ಕೊ."

ಐವತ್ತಾರು ವರ್ಷದ ಸಾಕಮ್ಮ ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದಳು. ಅಕ್ಷರ ಬಾರದವಳು ಅಕ್ಷರದ ಮೇಲೆ ಕೈಯಿಟ್ಟಳು. ಮೊರ ಅಳೆಯುವಂತೆ ಅಳೆದಳು. ಮೇಲಿನದು ಒಂದು ಗೇಣು. ಕೆಳಗಿನದು ಎರಡು ಬೆರಳು. ಅಲ್ಲಿಂದಲೇ ಕೂಗಿದಳು.

"ಪುಟ್ಮಲ್ಲೀ! ತಳ ಒಂದ್ ಗೇಣು! ಮುಚ್ಚಳ ಎರಡ್ ಬೆರಳು!"

ಪುಟ್ಟಮಲ್ಲಮ್ಮ ನಕ್ಕ ನಗೆ ಕೇಳಿ ನುಗ್ಗೆ ಮರದ ಕಾಗೆ ಹಾರಿತು.

ದೊಡ್ಡ ಮೊರ ಯಾರು ಬೇಕಾದರೂ ಹೆಣೆದಾರು. ಎರಡು ಬೆರಳಿನ ಮೊರ ಹೆಣೆಯುವುದು ಕಷ್ಟ. ದಬ್ಬೆಯನ್ನು ನೂಲಿನಷ್ಟು ತೆಳ್ಳಗೆ ಸೀಳಬೇಕು. ಉಗುರಿನ ಸಂದಿ ಕೊಯ್ಯುತ್ತದೆ. ಕಣ್ಣಲ್ಲಿ ನೀರು ಬರುತ್ತದೆ. ಪುಟ್ಟಮಲ್ಲಮ್ಮ ಮೂರು ದಿನ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಹದಿನಾರು ಹೆಣೆದಳು. ಬೊಂಬೆಗೂ ಸಾಲದಂಥವು. ಅಂಚು ಕಟ್ಟು ಮಾತ್ರ ಪಕ್ಕಾ.

ಹಬ್ಬದ ಮುಂಚಿನ ದಿನ ಬೆಳಿಗ್ಗೆ ಸಾಕಮ್ಮ ತಲೆಯ ಮೇಲೆ ಮಂಕರಿ ಹೊತ್ತು ಮೂರಂತಸ್ತಿನ ಮನೆಯ ಗೇಟಿಗೆ ಹೋದಳು. ಪ್ರೇಮಮ್ಮ ಸಡಗರದಿಂದ ಬಂದರು. ಒಂದು ಮೊರ ಎತ್ತಿದರು. ಅದರೊಳಗೆ ನಾಣ್ಯ ಇಟ್ಟಂತೆ ಮುಚ್ಚಳ ಕೂತಿತ್ತು. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು.

"ಇದ್ಯಾವ ಅಳತೆ ಸಾಕಮ್ಮ?"

"ಬೋರ್ಡಿನ ಅಳತೆ ಕಣ್ರವ್ವ. ನಿಮ್ ಯಜಮಾನ್ರೇ ಕೊಟ್ಟಿದ್ದು. ಸಂಪ್ಗೆ ನಗರ ಅಷ್ಟು, ಮ್ಯಾದ್ರ ಬೀದಿ ಇಷ್ಟು. ಒಂದೆಳೆ ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ, ಬೇಕಾರೆ ಅಳ್ದು ನೋಡಿ."

ಪ್ರೇಮಮ್ಮ ಬೀದಿಯ ಬಾಯಿಯವರೆಗೆ ನಡೆದು ಹೋದರು. ಕಂಬದ ಕೆಳಗೆ ನಿಂತು ಬೋರ್ಡು ನೋಡಿದರು. ಅಂಗೈಯ ಮುಚ್ಚಳ ನೋಡಿದರು. ಮತ್ತೆ ಬೋರ್ಡು ನೋಡಿದರು. ನಾಳೆ ಬೀಗರ ಹೆಂಗಸರ ಮುಂದೆ ಹದಿನಾರು ಬಾಗಿನ ಬಾಯಿ ಬಿಟ್ಟುಕೊಂಡು ಕೂತಿರುವುದು ಕಣ್ಣಿಗೆ ಕಟ್ಟಿತು.

"ರೀ!"

ಆ ಒಂದು ಕೂಗು ಮೂರಂತಸ್ತನ್ನೂ ಹತ್ತಿ ಇಳಿಯಿತು.

ಮಧ್ಯಾಹ್ನದ ಹೊತ್ತಿಗೆ ಏಣಿ ಮೂರನೆಯ ಸಲ ಬಂತು. ಈ ಸಲ ಏಣಿ ಹಿಡಿದುಕೊಂಡದ್ದು ನೀಲಕಂಠಸ್ವಾಮಿ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಸೋಮಶೇಖರನ ಬ್ರಷ್ಷಿನಿಂದ ನೀಲಿ ಬಣ್ಣ ತೊಟ್ಟಿಕ್ಕುತ್ತಿತ್ತು.

"ಅಲ್ಲಾಡಿಸ್ಬ್ಯಾಡಿ ಸರ್, ಒತ್ತು ಸೊಟ್ಟ ಹೋಗ್ತದೆ," ಎಂದು ಅವನು ಮೇಲಿಂದ ಗದರುತ್ತಿದ್ದ.

'ಹಳೆಯ' ಹೋಯಿತು. ಮೇಲೆ 'ಮೇದರ ಬೀದಿ', ಕೆಳಗೆ 'ಸಂಪಿಗೆ ನಗರ'. ಸಾಕಮ್ಮ ಹತ್ತಿದಳು. ಬಣ್ಣ ಇನ್ನೂ ಹಸಿ. ತಾಗಿಸದಂತೆ ಕೈ ಬಿಚ್ಚಿ ಅಳೆದಳು. ಮೇಲಿನದು ಗೇಣು. ಕೆಳಗಿನದೂ ಗೇಣು. ಇನ್ನೊಂದು ಸಲ ಅಳೆದಳು. ಅಂಗೈಯಲ್ಲಿ ಮುರಿದುಳಿದ ಸಿಬಿರು ಚುರ್ರೆಂದಿತು.

"ಸರ್ಯಾಗದೆ," ಎಂದಳು. "ಪುಟ್ಮಲ್ಲೀ, ತತ್ತಾರೆ!"

ಪುಟ್ಟಮಲ್ಲಮ್ಮ ಒಳಗಿಂದ ಹೊತ್ತು ತಂದಳು. ಹದಿನಾರು ಮುಚ್ಚಳ. ಗೇಣು ಅಳತೆಯವು. ಬಿದಿರು ಬೀದಿಗಿಳಿದ ಮೊದಲ ದಿನವೇ, ಅದೇ ಗಳದ ದಬ್ಬೆಯಲ್ಲಿ ಹೆಣೆದಿಟ್ಟಿದ್ದವು. ಪ್ರೇಮಮ್ಮ ಒಂದನ್ನು ತಳದ ಮೇಲಿಟ್ಟು ನೋಡಿದರು. ಗಾಳಿ ಹೋಗಲೂ ಸಂದಿರಲಿಲ್ಲ.

"ಇಷ್ಟು ದಿನ ಇಟ್ಕೊಂಡೂ ಸುಮ್ನಿದ್ರಲ್ಲೇ," ಎಂದರು ನೀಲಕಂಠಸ್ವಾಮಿ, ಅಂಗಿಯ ಬಣ್ಣ ಒರೆಸಿಕೊಳ್ಳುತ್ತಾ. ಒರೆಸಿದಷ್ಟೂ ಹರಡುತ್ತಿತ್ತು. "ನೀನು ಸಾಮಾನ್ಯದವಳಲ್ಲ ಬಿಡು, ಸಾಕಮ್ಮ."

ಸಾಕಿ ಅಲ್ಲ. ಸಾಕಮ್ಮ. ಚೈತ್ರ ಅಜ್ಜಿಯ ಮುಖ ನೋಡಿದಳು. ಅಜ್ಜಿ ಕೇಳಿಸಿಯೂ ಕೇಳಿಸದವಳ ಹಾಗೆ ಏಣಿ ಇಳಿಯುತ್ತಿದ್ದಳು.

ಪ್ರೇಮಮ್ಮ ಮಂಕರಿ ಎತ್ತಿಸಿಕೊಂಡು ಹೊರಟವರು ಹಿಂದಿರುಗಿ ಬಂದರು. ದನಿ ತಗ್ಗಿಸಿದರು.

"ಸಾಕಮ್ಮ, ನಾಳೆ ಬಾ. ಒಂದು ಬಾಗಿನ ನಿಂಗೇ ಅಂತ ಎತ್ತಿಡ್ತೀನಿ. ಹಿತ್ತಲ ಬಾಗ್ಲು ತೆಗೆದಿರ್ತೀನಿ."

ಪ್ರೀತಿಯಿಂದಲೇ ಹೇಳಿದರು. ಅದರಲ್ಲಿ ಸುಳ್ಳಿರಲಿಲ್ಲ. ನಲವತ್ತು ವರ್ಷದಲ್ಲಿ ಸಾಕಮ್ಮ ಹೆಣೆದ ಬಾಗಿನದ ಮೊರ ಸಾವಿರವೋ ಎರಡು ಸಾವಿರವೋ. ಅದರಲ್ಲಿ ಒಂದಾದರೂ ತುಂಬಿಕೊಂಡು ಅವಳ ಕಡೆಗೆ ತಿರುಗಿ ಬಂದದ್ದಿಲ್ಲ. ಪುಟ್ಟಮಲ್ಲಮ್ಮ ಸಾಕಮ್ಮನ ಮುಖ ನೋಡಿದಳು.

ಸಾಕಮ್ಮ ಹೋಗಿ ತನ್ನ ಜಾಗದಲ್ಲಿ ಕೂತಳು. ಬೀದಿಯಲ್ಲಿ. ಗಳದ ತುದಿಯನ್ನು ಕಾಲಡಿಗೆ ಎಳೆದುಕೊಂಡಳು.

"ಇತ್ಲಿಗೆ ನಾನ್ ಬರಕ್ಕಿಲ್ಲ ಕಣ್ರವ್ವ. ನೀವೇ ತಕ್ಕಬನ್ನಿ. ಇಲ್ಲೇ ಕೂತಿರ್ತೀನಿ."

"ಇಲ್ಲೇನಾ? ಬೀದೀಲಾ?"

"ಊಂ. ದಾರಿ ತಪ್ಪಕ್ಕಿಲ್ಲ ಬುಡಿ. ಅಡ್ರಸ್ಸು ಕಂಬದ ಮ್ಯಾಲದೆ."